ಮಡಚಿದ ಹೆಬ್ಬೆರಳು

“ನೊಣದ ವಿಷಯ ಬರೆಯಬೇಡಿ,” ಎಂದರು ಸಬ್‌ಇನ್‌ಸ್ಪೆಕ್ಟರ್ ಸಾಹೇಬರು.

ಹೆಡ್ ಕಾನ್‌ಸ್ಟೇಬಲ್ ಚಂದಯ್ಯ ಶೆಟ್ಟರ ಪೆನ್ನು ನಿಂತಿತು. ಎದುರಿಗೆ ಮೀನು ಮಾರುವ ಅಕ್ಕು ಬುಟ್ಟಿ ಕೆಳಗಿಟ್ಟು ನಿಂತಿದ್ದಳು. ನಾವುಂದದ ಔಟ್‌ಪೋಸ್ಟೆಂದರೆ ಒಂದೂವರೆ ಕೋಣೆ. ಬಂಗುಡೆಯ ವಾಸನೆ ತಾಳಲಾರದೆ ಘಟ್ಟದ ಮೇಲಿನ ಸಾಹೇಬರು ಕರವಸ್ತ್ರದ ಹಿಂದಿನಿಂದಲೇ ಮಾತಾಡುತ್ತಿದ್ದರು.

“ಎಂತಕೆ ಬರಿಯೂಕಾಗ?” ಅಕ್ಕು ಬಿಡುವವಳಲ್ಲ. “ನಾ ಕಣ್ಣಾರೆ ಕಂಡದ್ದ್. ನೊಣ ಆ ಹೆಣ್ಣಿನ ತುಟಿ ಮೇಲ್ ಕೂಕಂಡಿತ್ತ್. ತುಟಿಯಿಂದ ಮೂಗಿಗ್ ಹೋಯ್ತ್, ಮೂಗಿಂದ ಕಣ್ಣಿನ ರೆಪ್ಪಿ ಹತ್ತಿತ್. ರೆಪ್ಪಿ ಮಿಸ್ಕಾಡ್ಲಿಲ್ಲೆ. ಜನ ಎಂತ ಮಾಡ್ರ್ ಗೊತ್ತಿತಾ? ಚಪ್ಪಾಳಿ ಹೊಡೆದ್ರ್!”

“ಎಷ್ಟು ಗಂಟೆಗೆ?”

“ಹನ್ನೊಂದೂವರಿ ಬಸ್ಸ್ ಆಗಷ್ಟೇ ಹೋದ್ದ್. ಇದ್ ನಿದ್ರಿ ಅಲ್ಲ, ಹೆಣ್ಣಿನ ಬಣ್ಣ ತಿರ್ಗಿತ್, ಬಾಗ್ಲ್ ತೆಗ್ದ್ ಮುಟ್ಟಿ ಕಾಣಿ ಅಂತ ಪೊಲೀಸ್ರಿಗ್ ಹೇಳ್ದೆ.”

“ಯಾವ ಪೊಲೀಸರಿಗೆ?”

ಅಕ್ಕು ಚಂದಯ್ಯ ಶೆಟ್ಟರ ಮುಖ ನೋಡಿದಳು.

“ನನಗೇ ಸಾರ್,” ಎಂದರು ಶೆಟ್ಟರು. “ಕಾವಲಿಗಿದ್ದವನು ನಾನೇ.”

ಸಾಹೇಬರು ಕೆಮ್ಮಿದರು. ಇಲಾಖೆಯ ಮಾನ ಉಳಿಸಬೇಕಾದಾಗ ಬರುವ ಕೆಮ್ಮು ಅದು. “ಅದಕ್ಕೇ ಹೇಳಿದ್ದು, ನೊಣದ ವಿಷಯ ಬೇಡ ಅಂತ. ನೀನು ಹೋಗಮ್ಮ.”

ಅಕ್ಕು ಬುಟ್ಟಿ ತಲೆಗೇರಿಸಿಕೊಂಡು ಹೋದಳು. ಹೋಗುವಾಗ ಬೈದಿದ್ದರೆ ಶೆಟ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ.

ಮೊನ್ನೆ ಭಾನುವಾರ ಅವಳಿಗೆ ತಾನೇ ಹೇಳಿದ್ದ ಮಾತು ಶೆಟ್ಟರ ಕಿವಿಯಲ್ಲಿ ಹಾಗೇ ಇತ್ತು. “ಮುಟ್ಟೂಕಾಗ ಅಕ್ಕು. ಮಲ್ಗ್ಸಿದವ್ರೇ ಏಳಿಸ್ಕ್. ಬೇರೆಯವ್ರ್ ಮುಟ್ರೆ ಜೀವಕ್ಕೇ ಅಪಾಯ.” ಮಾತು ಅವರದಲ್ಲ, ಸಮ್ಮೋಹಿನಿ ವಿದ್ಯೆಯ ಪ್ರೊಫೆಸರ್ ಜಿ. ಪಾಲ್ ಮೈಕಿನಲ್ಲಿ ಮೂರು ದಿನ ಕೂಗಿದ್ದು. ಊರಿಗೆ ಊರೇ ಅದನ್ನು ಬಾಯಿಪಾಠ ಮಾಡಿತ್ತು. ಇಪ್ಪತ್ತೆಂಟು ವರ್ಷ ಸರ್ವೀಸಾದ ಹೆಡ್ ಕಾನ್‌ಸ್ಟೇಬಲ್ಲೂ ಮಾಡಿದ್ದರು ಎಂಬುದೇ ನಾಚಿಕೆಯ ಸಂಗತಿ.

ನಡೆದದ್ದು ಇಷ್ಟು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಪ್ರೊಫೆಸರು ತನ್ನ ಸಹಾಯಕಿ ಪುಷ್ಪಳನ್ನು ರಾಜೀವ ಶೆಟ್ಟಿಯ ಜವಳಿ ಅಂಗಡಿಯ ಗಾಜಿನ ಶೋಕೇಸಿನಲ್ಲಿ, ನೂರಾರು ಜನರ ಕಣ್ಣೆದುರು, ಮಂಚದ ಮೇಲೆ ನಿದ್ದೆಗೆ ಕಳಿಸಿದ. ಭಾನುವಾರ ಸಂಜೆ ನಾಲ್ಕಕ್ಕೆ ಮಂಚ ಸಮೇತ ಶಾಲೆಯ ಬಯಲಿಗೆ ಹೊತ್ತು ತಂದು, ವೇದಿಕೆಯ ಮೇಲೆ ಚಿಟಿಕೆ ಹೊಡೆದು ಎಬ್ಬಿಸಬೇಕಿತ್ತು. ಮೂರು ಚಿಟಿಕೆ ಹೊಡೆದ. ಅವಳು ಏಳಲಿಲ್ಲ. ಅರವತ್ತಮೂರರ ಮಾರ್ಚ್ ತಿಂಗಳ ಆ ಸಂಜೆ ನಾವುಂದದ ಜನ ದುಡ್ಡು ಕೊಟ್ಟು ಹೆಣ ನೋಡಿದ್ದರು.

ನಾವುಂದಕ್ಕೆ ಗಾಜಿನ ಶೋಕೇಸು ಅದೇ ಮೊದಲನೆಯದು. ರಾಜೀವ ಬೊಂಬಾಯಿಯಲ್ಲಿ ಕಂಡು ಬಂದು ಮಾಡಿಸಿದ್ದು. ರಾಜೀವ ಬೇರೆ ಯಾರೂ ಅಲ್ಲ, ಚಂದಯ್ಯ ಶೆಟ್ಟರ ಅಕ್ಕ ಗುಲಾಬಿಯ ಮಗ, ಮಗಳು ಹರಿಣಾಕ್ಷಿಯ ಗಂಡ. ಎರಡು ಕಡೆಯಿಂದಲೂ ಅಳಿಯ. ಅಂಗಡಿಯ ಹಿಂದೆಯೇ ಮನೆ. ಅಳಿಯನ ಅಂಗಡಿಯ ಮುಂದೆ ಜನ ನುಗ್ಗಬಾರದೆಂದು ಶೆಟ್ಟರು ಕಾವಲಿನ ಕೆಲಸವನ್ನು ತಾವೇ ಕೇಳಿ ಹಾಕಿಸಿಕೊಂಡಿದ್ದರು.

“ಕೇಸು ಸರಳವಾಗಿದೆ,” ಎಂದರು ಸಾಹೇಬರು, ಕುಂದಾಪುರದಿಂದ ಬಂದ ಡಾಕ್ಟರ ವರದಿಯನ್ನು ಮೇಜಿನ ಮೇಲೆ ತಟ್ಟಿ. “ಹೊಟ್ಟೆಯಲ್ಲಿ ಗಾರ್ಡಿನಾಲ್ ಗುಳಿಗೆ. ಹದಿನೈದಕ್ಕೆ ಕಡಿಮೆಯಿಲ್ಲ. ಫಿಟ್ಸ್ ರೋಗದವರು ನುಂಗುವಂಥದ್ದು. ಪ್ರೊಫೆಸರನ ಆಳು ತಿಮ್ಮನಿಗೆ ಫಿಟ್ಸ್ ಇದೆ, ಅವನ ಚೀಲದಲ್ಲಿ ಅದೇ ಗುಳಿಗೆಯ ಬಾಟ್ಲಿ ಸಿಕ್ಕಿದೆ. ಶನಿವಾರ ರಾತ್ರಿ ಹಿಂಬಾಗಿಲಿನಿಂದ ಅವಳಿಗೆ ಗಂಜಿ ಕೊಟ್ಟದ್ದನ್ನು ಅವನೇ ಒಪ್ಪಿದ್ದಾನೆ. ಇನ್ನೇನು ಬೇಕು? ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಅವನನ್ನು ಕುಂದಾಪುರ ಕೋರ್ಟಿಗೆ ಕರೆದೊಯ್ಯಿರಿ. ಕೊಲೆ ಕೇಸು.”

“ಗಾರ್ಡಿನಾಲ್ ಬಹಳ ಮನೆಗಳಲ್ಲಿರುತ್ತದೆ ಸಾರ್. ನಮ್ಮ ಅಕ್ಕನಿಗೂ ಅದೇ. ತಿಂಗಳು ತಿಂಗಳು ನಾನೇ ತಂದುಕೊಡುವುದು.”

“ನಿಮ್ಮ ಅಕ್ಕ ಗಂಜಿ ಹೊತ್ತುಕೊಂಡು ಹೋಗಲಿಲ್ಲವಲ್ಲ?” ಸಾಹೇಬರು ನಕ್ಕು ಟೋಪಿ ಹಾಕಿಕೊಂಡರು.

ಜೀಪು ಹೋದ ಮೇಲೆ ಶೆಟ್ಟರು ಅರ್ಧ ಕೋಣೆಯ ಚಿಲಕ ತೆಗೆದರು.

ತಿಮ್ಮ ಗೋಡೆಗೊರಗಿ ಕೂತಿದ್ದ. ನಲವತ್ತರ ಆಸುಪಾಸು, ಬಡಕಲು. ಪ್ರತಿ ಊರಿನಲ್ಲೂ ಜನರ ನಡುವಿನಿಂದ ಎದ್ದು, “ನನ್ನನ್ನು ನಿದ್ದೆ ಮಾಡಿಸಿ ಕಾಂಬ” ಎಂದು ಸವಾಲು ಹಾಕಿ ವೇದಿಕೆ ಹತ್ತುವ ಅಪರಿಚಿತ ಇವನೇ. ಇವನು ದೊಪ್ಪನೆ ಬಿದ್ದು ಒದ್ದಾಡಿದರೆ ಎಂಥ ಅಪನಂಬಿಕೆಯವನೂ ನಂಬುತ್ತಿದ್ದ. ಕೆಲವೊಮ್ಮೆ ಆ ಬೀಳುವಿಕೆ ಆಟವಾಗಿರುತ್ತಿರಲಿಲ್ಲ, ನಿಜವಾದ ಫಿಟ್ಸೇ ಬಂದಿರುತ್ತಿತ್ತು. ಆಗ ಚಪ್ಪಾಳೆ ಇನ್ನೂ ಜೋರು.

“ಗಂಜಿ ಕೊಟ್ಟದ್ದ್ ಹೌದ್ ಒಡೆಯ,” ಎಂದ ತಿಮ್ಮ. “ಅವ್ಳ್ ಮುಕ್ಕಾಲ್ ಉಂಡ್ಲ್, ಉಳ್ದದ್ದ್ ನಾನೇ ಉಂಡೆ. ಅದ್ರಂಗೆ ಗುಳಿಗಿ ಇದ್ದಿರೆ ನಾ ಬೆಳಗಾತ ಏಳ್ತಿದ್ನಾ?”

“ಉಂಡದ್ದ್ ಕಂಡವ್ರ್ ಯಾರ್?”

“ಯಾರೂ ಇಲ್ಲೆ.” ಪ್ರೊಫೆಸರು ಕೇಳಿಸಿಕೊಂಡಾನೆಂಬಂತೆ ದನಿ ತಗ್ಗಿಸಿದ. “ಒಡೆಯ, ಒಂದ್ ಹೇಳ್ತೆ. ಹೇಳೂಕಾಗ ಅಂತ ಆಣಿ ಹಾಕ್ಸಿದ್ರ್. ಅವ್ಳಿಗೆ ನಿದ್ರಿ ಗಿದ್ರಿ ಎಂತದೂ ಇಲ್ಲೆ. ಸುಮ್ನೆ ಮನಿಕಂಬುದ್. ಹಗಲಿಡೀ ನೀರಿಲ್ಲೆ, ಕೆಮ್ಮೂಕಿಲ್ಲೆ, ತುರ್ಸೂಕಿಲ್ಲೆ. ರಾತ್ರಿ ಹಲ್ಗಿ ಹಾಕಿ ಅಂಗ್ಡಿ ಮುಚ್ಚದ್ ಮೇಲೆ ಎದ್ದ್ ಹೊರ್ಗ್ ಹೋಯ್ ಬಪ್ಪುದ್, ಉಂಬುದ್. ನನ್ ಕೆಲ್ಸ ಎಂತ ಅಂದ್ರೆ, ಎದುರ್ ಹೋಟ್ಲಲ್ ಕೂಕಂಡ್ ಅವ್ಳ ಬಲಗೈ ಕಾಂಬುದ್.”

“ಕೈ ಎಂತಕೆ?”

ತಿಮ್ಮ ತನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿದ. “ಹೀಂಗ್ ಮಡ್ಚಿರೆ, ಇನ್ ನಂಗ್ ತಡ್ಕಂಬುಕ್ ಆತಿಲ್ಲೆ ಅಂತ. ಕೂಡ್ಲೇ ನಾ ಹೋಯ್ ಪ್ರೊಫೆಸರ್ರಿಗ್ ಹೇಳ್ಕ್. ಏಳ್ ವರ್ಷದಗ್ ಅವ್ಳ್ ಒಂದೇ ಒಂದ್ಸಲ ಮಡ್ಚಲಿಲ್ಲೆ. ಭಾನ್ವಾರ ಬೆಳಿಗ್ಗೆ ಒಂಬತ್ತ್ ಗಂಟಿಗ್ ಮಡ್ಚಿದ್ಲ್. ನಾ ಚಾ ಅಲ್ಲೇ ಬಿಟ್ಟ್ ಓಡ್ದೆ.”

ಆ ಕೈಯನ್ನು ಚಂದಯ್ಯ ಶೆಟ್ಟರೂ ಕಂಡಿದ್ದರು. ಒಂಬತ್ತಕ್ಕೇ ಕಂಡಿದ್ದರು. ಬೆಳಿಗ್ಗೆ ಏಳಕ್ಕೆ ಅಂಗಡಿಯ ಹಲಗೆ ತೆಗೆದಾಗ ಚಾಚಿಕೊಂಡಿದ್ದ ಬೆರಳು ಮಡಚಿದ್ದನ್ನು ಕಂಡು, ಪಾಪ, ಮಗುವಿನ ಹಾಗೆ ನಿದ್ದೆ ಮಾಡಿದ್ದಾಳೆ ಎಂದುಕೊಂಡಿದ್ದರು.

ಹಾಗಾದರೆ ಒಂಬತ್ತರವರೆಗೆ ಅವಳಿಗೆ ಪ್ರಜ್ಞೆಯಿತ್ತು. ಹದಿನೈದು ಗುಳಿಗೆ ರಾತ್ರಿಯ ಗಂಜಿಯಲ್ಲೇ ಹೋಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ಬೆರಳು ಮಡಚಲು ಅವಳು ಉಳಿದಿರುತ್ತಿರಲಿಲ್ಲ. ಗುಳಿಗೆ ಹೊಟ್ಟೆಗೆ ಹೋದದ್ದು ಬೆಳಗಿನ ಜಾವ ಕಳೆದ ಮೇಲೆ, ಹಲಗೆ ತೆಗೆಯುವ ಮೊದಲು. ಆ ಹೊತ್ತಿಗೆ ತಿಮ್ಮ ಎದುರಿನ ಹೋಟೆಲಿನಲ್ಲಿ ಹತ್ತು ಜನರ ನಡುವೆ ಕೂತಿದ್ದನ್ನು ಕಾವಲಿಗೆ ಬರುವಾಗ ಶೆಟ್ಟರೇ ಕಂಡಿದ್ದರು.

ಒಂದು ಹೆಬ್ಬೆರಳು ಈ ಬಡವನ ಕುತ್ತಿಗೆ ಉಳಿಸಬಲ್ಲದು. ಆದರೆ ಆ ಹೆಬ್ಬೆರಳಿನ ಅರ್ಥ ಗೊತ್ತಿದ್ದವರು ಮೂವರೇ. ಒಬ್ಬಳು ಸತ್ತಿದ್ದಾಳೆ, ಒಬ್ಬ ಆರೋಪಿ. ಮೂರನೆಯವನು ಹೋಟೆಲಿನ ಮಹಡಿಯಲ್ಲಿದ್ದಾನೆ.

ಪ್ರೊಫೆಸರ್ ಜಿ. ಪಾಲ್ ಮೇಜಿನ ಮುಂದೆ ಕೂತು ನೋಟೀಸುಗಳ ಮೇಲೆ ಮಸಿ ಬಳಿಯುತ್ತಿದ್ದ. ಬ್ರಹ್ಮಾವರದ ಪ್ರದರ್ಶನದ ನೋಟೀಸುಗಳು. ಪ್ರತಿಯೊಂದರಲ್ಲೂ ‘ಕುಮಾರಿ ಪುಷ್ಪ’ ಎಂದಿದ್ದಲ್ಲಿ ಬ್ರಷ್ಷು ಆಡಿಸುತ್ತಿದ್ದ. ಒಣಗಲೆಂದು ಮಂಚದ ತುಂಬ ಹರಡಿಟ್ಟಿದ್ದ.

“ಕೂತ್ಕೊಳ್ಳಿ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಲೆಗೆ ದೊಡ್ಡ ನಷ್ಟ.”

“ಅವಳು ಹೆಬ್ಬೆರಳು ಮಡಚಿದರೆ ಏನರ್ಥ?”

ಬ್ರಷ್ಷು ಒಂದು ಕ್ಷಣ ನಿಂತಿತು. ಒಂದೇ ಕ್ಷಣ. “ಅರ್ಥವೇ? ಸಮ್ಮೋಹನದಲ್ಲಿರುವವಳು ಸ್ವಂತ ಇಚ್ಛೆಯಿಂದ ಕಣ್ಣಿನ ರೆಪ್ಪೆಯನ್ನೂ ಅಲ್ಲಾಡಿಸಲಾರಳು. ಇದು ವಿಜ್ಞಾನ.”

“ಹಾಗಾದರೆ ನಿದ್ದೆಯಲ್ಲಿದ್ದವಳು ತಿಮ್ಮನ ಗಂಜಿ ಉಂಡದ್ದು ಹೇಗೆ?”

“ಬಾಯಿಗೆ ಹುಯ್ದಿರಬೇಕು, ಪಾಪಿ.”

ಉತ್ತರ ಸಿದ್ಧವಾಗಿಯೇ ಇತ್ತು. ಶೆಟ್ಟರಿಗೆ ಅವನ ಆಟ ಅರ್ಥವಾಯಿತು. ಅವಳು ಎಚ್ಚರವಿದ್ದಳೆಂದು ಒಪ್ಪಿದರೆ ಇವನ ವಿದ್ಯೆ ಸುಳ್ಳು, ಪ್ರೊಫೆಸರ್ ಪಟ್ಟ ಸುಳ್ಳು, ಬ್ರಹ್ಮಾವರ ಸುಳ್ಳು. ಅದರ ಬದಲು ತಿಮ್ಮ ನೇಣಿಗೆ ಹೋದರೆ ಇವನಿಗೇನೂ ಖರ್ಚಿಲ್ಲ. ಶೆಟ್ಟರಿಗೆ ಮೈಯೆಲ್ಲ ಉರಿಯಿತು. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಗುಣಪಾಲ,” ಎಂದರು.

ಅವನು ತಲೆಯೆತ್ತಿದ. ಆ ಹೆಸರಿನಿಂದ ಅವನನ್ನು ಕರೆದು ಹತ್ತು ವರ್ಷವಾಗಿರಬೇಕು.

“ಬಿಜೂರಿನ ಗುಣಪಾಲ ಅಲ್ದಾ ನೀನ್? ನಿನ್ ಅಪ್ಪಯ್ಯನ ಗುರ್ತ ನಂಗಿತ್ತ್. ಬೊಂಬಾಯಿ ಹೋಟ್ಲಲ್ ಲೋಟ ತೊಳುಕ್ ಹೋದವ ಕೋಟ್ ಹಾಯ್ಕಂಡ್ ಬಂದೆ, ಖುಷಿಯೇ. ಈಗ ಡಾಕ್ಟ್ರ್ ಬರ್ದದ್ದ್ ಓದ್ತೆ, ಕೇಣ್.” ಶೆಟ್ಟರು ವರದಿ ಬಿಡಿಸಿದರು. “‘ಎರಡು ಕೆನ್ನೆಗಳ ಒಳಭಾಗದಲ್ಲಿ ಹಲ್ಲಿನಿಂದ ಕಚ್ಚಿದ ಹಳೆಯ ಗಾಯದ ಕಲೆಗಳು. ಕೆಲವು ಹಲವು ವರ್ಷದವು.’ ತಿಳಿತಾ? ನಿದ್ರಿ ನಿಜ ಅಂತ ಜನ್ರಿಗ್ ತೋರ್ಸುಕೆ ನೀ ಮಂಚದ್ ಮೇಲ್ ಅವ್ಳ ತೋಳಿಗ್ ಸೂಜಿ ಚುಚ್ಚತ್ತಿದ್ದೆ. ಅವ್ಳ್ ಕೆನ್ನಿ ಕಚ್ಕಂತಿದ್ಲ್. ನಿದ್ರಿ ಬಂದವ್ಳ್ ಕೆನ್ನಿ ಕಚ್ಕಂತ್ಳಾ ಗುಣಪಾಲ?”

ಬ್ರಷ್ಷಿನಿಂದ ಮಸಿ ತೊಟ್ಟಿಕ್ಕಿ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಅವನು ಅದನ್ನು ಒರೆಸಲೂ ಇಲ್ಲ.

“ಒಂದ್ ದಿನ ಆದ್ರೂ ಹೇಳ್ಲಿಲ್ಲೆ ಶೆಟ್ರೆ ಅವ್ಳ್,” ಎಂದ. ಪ್ರೊಫೆಸರನ ಕನ್ನಡ ಎಲ್ಲಿ ಹೋಯಿತೋ, ಬಿಜೂರಿನದೇ ಬಂತು. “ಕೆನ್ನಿ ಕಚ್ಚುದ್ ನಂಗ್ ಗೊತ್ತೇ ಇಲ್ಲೆ. ಬ್ಯಾನಿ ಆತ್ತಾ ಅಂತ ಕೇಂಡ್ರೆ, ಅಭ್ಯಾಸ ಆಯ್ತ್ ಅಂತಿದ್ಲ್. ಅವ್ಳ ಹೆಸ್ರ್ ಪುಷ್ಪ ಅಲ್ಲ, ಚಂದ್ರಮತಿ. ಅದನ್ನೂ ನಾನೇ ತೆಗ್ದದ್ದ್.”

“ಹೆಬ್ಬೆರಳ್?”

“ಹೌದ್. ನಾನೇ ಕಲ್ಸಿದ್ದ್. ತಿಮ್ಮ ಓಡ್ಕಂಡ್ ಬಂದದ್ದೂ ಹೌದ್.”

“ಮತ್ತೆ ಬಪ್ಪುಕ್ ಎಂತ ರೋಗ ನಿಂಗೆ?”

“ಬಂದೆ ಮಾರಾಯ್ರೆ! ದೇವ್ರಾಣಿ ಬಂದೆ. ಶಾಲಿ ಬಯಲಗೆ ವೇದಿಕಿ ಕಟ್ಸತಾ ಇದ್ದೆ, ಒಂಬತ್ತೂವರಿಗೆ ಬಂದ್ ರಸ್ತಿ ಆಚಿ ಬದಿ ನಿಂತ್ ಕಂಡೆ. ಹೆಬ್ಬೆರಳ್ ಬಿಡ್ಸಿ ಇದ್ದಿತ್. ಬಿಡ್ಸಿರೆ ಸಮ ಆಯ್ತ್ ಅಂತ ನಮ್ ಒಪ್ಪಂದ. ಸುಮ್ನೆ ಆಟ ಕೆಡ್ಸಿ ಊರೆದ್ರ್ ಮರ್ಯಾದಿ ತೆಕ್ಕಂಬುದ್ ಎಂತಕೆ ಅಂತ ವಾಪಾಸ್ ಹೋದೆ.” ಅವನು ಮುಖ ಮುಚ್ಚಿಕೊಂಡ. “ನಾ ಅಷ್ಟೇ ಕಂಡದ್ದ್. ಬೆರಳ್ ಮಾತ್ರ ಕಂಡೆ, ಮುಖ ಕಾಣ್ಲಿಲ್ಲೆ.”

ಬೆರಳು ತಾನಾಗಿ ಬಿಚ್ಚಿಕೊಂಡಿರಬಹುದೇ ಎಂದು ಶೆಟ್ಟರು ಯೋಚಿಸಿದರು. ಮಂಪರು ಏರಿ ಕೈ ಸಡಿಲಾಗಿರಬಹುದು. ಆದರೆ ಅಕ್ಕು ಬಂದಾಗ ತಾವೇ ಕಂಡಿದ್ದರಲ್ಲ: ಅಂಗೈ ಕೆಳಮುಖ, ಐದು ಬೆರಳೂ ಮಂಚದ ಬಿಳಿ ಬಟ್ಟೆಯ ಮೇಲೆ ಸಾಲಾಗಿ, ನೀಟಾಗಿ. ಯಾರೋ ಇಸ್ತ್ರಿ ಮಾಡಿದ ಹಾಗೆ. ಸಡಿಲಾದ ಕೈ ಹಾಗೆ ಕೂರುವುದಿಲ್ಲ.

“ಇದನ್ನ್ ಸಾಹೇಬ್ರ ಎದುರ್ ಹೇಳ್ತ್ಯಾ? ನಾಳಿ ಆರ್ ಗಂಟಿ ಒಳ್ಗೆ?”

“ಹೇಳ್ತೆ.” ಗುಣಪಾಲ ಕೈ ಸರಿಸಿ ಶೆಟ್ಟರನ್ನೇ ನೋಡಿದ. “ಆರೆ ನೀವೂ ಒಂದ್ ಹೇಳ್ಕ್. ಆ ಅರ್ಧ ಗಂಟಿಯಲ್ ಒಳ್ಗ್ ಹೋಯ್ ಬೆರಳ್ ಬಿಡ್ಸದ್ದ್ ಯಾರ್? ಗಾಜಿನ್ ಬಾಗ್ಲಿನ್ ಬೀಗದ್ ಕೈ ಒಂದೇ. ಅದ್ ನಿಮ್ ಸೊಂಟದಲ್ ಇದ್ದಿತ್ತಲ್ಲ?”

ಶೆಟ್ಟರು ಮೆಟ್ಟಿಲಿಳಿದು ರಸ್ತೆಗೆ ಬಂದರು. ಬೈಂದೂರು ಕಡೆಯ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಎದುರಿಗೇ ಅಳಿಯನ ಅಂಗಡಿ. ಶೋಕೇಸಿಗೆ ಒಳಗಿನಿಂದ ಸೀರೆ ಕಟ್ಟಿ ಮರೆ ಮಾಡಿದ್ದರು.

ಬೆಳಿಗ್ಗೆ ಹಲಗೆ ತೆಗೆದಾಗ ರಾಜೀವ ಕೊಟ್ಟ ಬೀಗದ ಕೈ ಸೊಂಟದಲ್ಲಿತ್ತು, ನಿಜ. ಒಂಬತ್ತು ಹೊಡೆದು ಐದು ನಿಮಿಷಕ್ಕೆ ಹರಿಣಾಕ್ಷಿ ಬಂದು, “ಅಪ್ಪಯ್ಯ, ಅತ್ತೆ ನೀರ್ ದೋಸಿ ಹೊಯ್ದ್ ಕಾಯ್ತಾ ಇದ್ರ್, ಬನ್ನಿ. ನಾವ್ ಕಾಂತೊ,” ಎಂದಿದ್ದಳು. ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಗೆ ಸಿಕ್ಕಿಸಿ ಶೆಟ್ಟರು ಒಳಗೆ ಹೋಗಿದ್ದರು. ದೋಸೆ ರುಚಿಯಾಗಿತ್ತು. ಇನ್ನೆರಡು ಹಾಕಿಸಿಕೊಂಡು ತಿಂದಿದ್ದರು. ಹೊರಗೆ ಅಂಗಡಿಯಲ್ಲಿದ್ದದ್ದು ರಾಜೀವ, ಹರಿಣಾಕ್ಷಿ. ಮೂರನೆಯವರಿಲ್ಲ.

ರಾಜೀವ ಹೀಗೆ ಮಾಡಿಯಾನೇ? ಆ ದಿನ ಹೊತ್ತೇರುತ್ತಲೇ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಯವರೆಗೆ ಆ ಹುಡುಗಿ ಅಲ್ಲೇ ಮಲಗಿದ್ದರೆ ಅವನಿಗೆ ಲಾಭವೇ. ಆದರೆ ಹೆಬ್ಬೆರಳಿನ ಗುಟ್ಟು ಅವನಿಗೆ ಹೇಗೆ ಗೊತ್ತು?

ಕೇಳಿದರೆ ಯಾರೂ ಹೇಳುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಶೆಟ್ಟರು ಕಲಿತದ್ದು ಅದೊಂದೇ.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ರಾಜೀವ ಲಂಗದ ಬಟ್ಟೆ ಅಳೆದು ಕತ್ತರಿ ಹಿಡಿದಿದ್ದ. “ಬನ್ನಿ ಮಾವ, ಕೂಕಣಿ,” ಎಂದ.

ಶೆಟ್ಟರು ಕೂತರು. ಟೋಪಿ ತೆಗೆದಿಟ್ಟರು. ಬಲಗೈಯನ್ನು ಮೇಜಿನ ಮೇಲೆ ಚಾಚಿದರು. ಹೆಬ್ಬೆರಳನ್ನು ನಿಧಾನವಾಗಿ ಅಂಗೈಯೊಳಗೆ ಮಡಚಿ, ಉಳಿದ ನಾಲ್ಕನ್ನು ಮೇಲೆ ಮುಚ್ಚಿದರು. ಕಣ್ಣು ಅಳಿಯನ ಮುಖದ ಮೇಲಿತ್ತು.

ರಾಜೀವ ಕೈ ನೋಡಿದ. ಮಾವನನ್ನು ನೋಡಿದ. “ಎಂತಾಯ್ತ್ ಮಾವ ಬೆರಳಿಗೆ? ಉಳ್ಕಿತಾ? ಎಣ್ಣಿ ಹಚ್ಚುಕ್ ಹೇಳ್ಲಾ?” ಎಂದು ಮತ್ತೆ ಬಟ್ಟೆಗೆ ಕತ್ತರಿ ಹಾಕಿದ.

ಶೆಟ್ಟರ ಎದೆಯ ಮೇಲಿನ ಕಲ್ಲು ಇಳಿಯಿತು. ಅಕ್ಕನ ಮಗ, ತಾವು ಎತ್ತಿ ಆಡಿಸಿದ ಕೂಸು. ಅವನಿಗೆ ಏನೂ ಗೊತ್ತಿಲ್ಲ. ಸುಮ್ಮನೆ ಸಂಶಯಪಟ್ಟೆನಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಅದನ್ನು ಒರೆಸಿಕೊಳ್ಳಲು ಹೊರಟಾಗ ಒಳಗಿನ ಪರದೆ ಸರಿಯಿತು.

ಹರಿಣಾಕ್ಷಿ ಮಜ್ಜಿಗೆಯ ಲೋಟ ಹಿಡಿದು ಬಂದಳು. ಲೋಟ ಇಡಲು ಬಗ್ಗಿದವಳ ಕಣ್ಣು ಅಪ್ಪನ ಕೈ ಮೇಲೆ ಬಿತ್ತು.

ಅವಳು ಏನಾಯಿತೆಂದು ಕೇಳಲಿಲ್ಲ.

ಲೋಟ ಇಟ್ಟಳು. ಅಪ್ಪನ ಪಕ್ಕ ಕೂತಳು. ಆ ಕೈಯನ್ನು ತನ್ನ ಎರಡು ಕೈಗಳಲ್ಲಿ ತೆಗೆದುಕೊಂಡು ಒಂದೊಂದೇ ಬೆರಳು ಬಿಡಿಸಿದಳು. ಕೊನೆಗೆ ಹೆಬ್ಬೆರಳನ್ನು ಹೊರಗೆಳೆದು, ಐದನ್ನೂ ಮೇಜಿನ ಮೇಲೆ ಸಾಲಾಗಿ, ನೀಟಾಗಿ ಇಟ್ಟಳು.

“ಮಗಾ,” ಎಂದರು ಶೆಟ್ಟರು.

“ಅವ್ಳೇ ಕೇಂಡದ್ದ್ ಅಪ್ಪಯ್ಯ,” ಎಂದಳು ಹರಿಣಾಕ್ಷಿ. “ರಾತ್ರಿ ನೀರ್ ಕೊಡುಕ್ ಹೋದಾಗ ಎಲ್ಲ ಹೇಳ್ಲ್. ಬೆರಳಿನ್ ಸಂಗ್ತಿಯೂ ಹೇಳ್ಲ್. ಏಳ್ ವರ್ಷ ಜನ್ರೆದ್ರ್ ಸುಳ್ಳ್ ನಿದ್ರಿ ಮಾಡಿ ಮಾಡಿ, ಈಗ ರಾತ್ರಿಯೂ ನಿದ್ರಿ ಬತ್ತಿಲ್ಲೆ ಅಂದ್ಲ್. ಒಂದ್ ದಿನ ಆದ್ರೂ ನಿಜವಾಗಿ ಒರಗ್ಕ್ ಅಂದ್ಲ್. ಬೆಳಿಗ್ಗೆ ಹಾಲಿಗೆ ಅತ್ತೆಯ ಫಿಟ್ಸ್ ಗುಳಿಗಿ ಹಾಕಿ ಕೊಟ್ಟೆ. ಒಂದೇ ಗುಳಿಗಿ ಅಪ್ಪಯ್ಯ. ಒಂದೇ.”

“ಬೆರಳ್ ಎಂತಕೆ ಬಿಡ್ಸಿದೆ?”

“ನಿದ್ರಿ ಹತ್ತತಾ ಇತ್ತ್, ಮಂಪ್ರಿನಗೆ ಮಡ್ಚಿದ್ಲ್ ಅಂದ್ಕಂಡೆ. ಆ ಪ್ರೊಫೆಸರ್ ಕಂಡ್ರೆ ಎಬ್ಸತ್ತ ಅಲ್ದಾ. ಒರಗ್ಲಿ ಪಾಪ ಅಂತ, ಮಂಚದ್ ಬಟ್ಟಿ ಸಮ ಮಾಡುವಂಗೆ ಹೋಯ್ ಬಿಡ್ಸಿದೆ...” ಅವಳು ಬಿಕ್ಕಿದಳು. “ಒಂದ್ ಗುಳಿಗಿಗ್ ಜೀವ ಹೋತ್ತಾ ಅಪ್ಪಯ್ಯ?”

ಹದಿನೈದಕ್ಕೆ ಕಡಿಮೆಯಿಲ್ಲ ಎಂದಿದ್ದರು ಡಾಕ್ಟರು. ಶೆಟ್ಟರು ಹದಿನಾಲ್ಕು ಗುಳಿಗೆಗಳ ಲೆಕ್ಕ ಹುಡುಕುತ್ತ ಮಗಳ ಮುಖ ನೋಡಿದರು. ಅಲ್ಲಿ ಸುಳ್ಳಿರಲಿಲ್ಲ. ಹುಟ್ಟಿದಾಗಿನಿಂದ ಕಂಡ ಮುಖ ಅದು.

“ಆ ಹಾಲ್ ಅವ್ಳ ಕೈಗ್ ಕೊಟ್ಟದ್ದ್ ನೀನೆಯಾ?”

ಹರಿಣಾಕ್ಷಿ ಕಣ್ಣೊರೆಸಿಕೊಂಡು ತಲೆಯಲ್ಲಾಡಿಸಿದಳು. “ಅಲ್ಲ. ಅತ್ತೆ ಕರೆದ್ರ್ ಅಂತ ಲೋಟ ಇವ್ರ್ ಕೈಗ್ ಕೊಟ್ಟೆ. ಒಂದ್ ಗುಳಿಗಿ ಸಾಕಾ, ಸಂಜಿ ತನ್ಕ ಮಿಸ್ಕಾಡೂಕಾಗ, ಗಿರಾಕಿ ಹೋತ್ರ್ ಅಂದ್ರ್.”

ಕತ್ತರಿಯ ಸದ್ದು ನಿಂತು ಬಹಳ ಹೊತ್ತಾಗಿತ್ತೆಂದು ಶೆಟ್ಟರಿಗೆ ಆಗ ಹೊಳೆಯಿತು. ಅವರು ತಿರುಗಿ ನೋಡಿದರು.

ರಾಜೀವ ಅಂಗಡಿಯ ಮುಂಭಾಗದಲ್ಲಿದ್ದ. ಬೆನ್ನು ಇವರ ಕಡೆಗಿತ್ತು. ಹಲಗೆಗಳನ್ನು ಒಂದೊಂದಾಗಿ ಎತ್ತಿ, ಒಳಗಿನಿಂದ, ಸದ್ದಿಲ್ಲದೆ ಸಾಲಿಗೆ ಸೇರಿಸುತ್ತಿದ್ದ. ಹೊರಗೆ ಇನ್ನೂ ಸಂಜೆ ಐದರ ಬಿಸಿಲಿತ್ತು.